ಪದ ಬೇಕು: ಮೈಗ್ರೇಶನ್‌ಗೆ ‘ವಲಸೆ’ ಬಿಟ್ಟು ಬೇರೆ ಏನಿದೆ?

ಗಂಗಾವತಿಯಿಂದ:
ನಾಳೆ ಬೆಳಿಗ್ಗೆ ಬೋರ್ಡು ಬರೆಸಬೇಕು, ಅದಕ್ಕೇ ಅವಸರ. ಇಲ್ಲಿನ ಒಂದು ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ, ರೈತರ ಖಾತೆ ಎಲ್ಲ ವಿಶುವಲ್ ಬೇಸಿಕ್ 6 ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಹಳೇ ಪ್ರೋಗ್ರಾಮಿನಲ್ಲಿವೆ. ಆ ಆವೃತ್ತಿ ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಮ್ ಬರೆಯುವ ಸಲಕರಣೆಗೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಈಗ ಆಂಗ್ಯುಲರ್ ಎಂಬ ವೆಬ್ ಸಲಕರಣೆಯಲ್ಲಿ ಹೊಸದಾಗಿ ಕಟ್ಟುತ್ತಿದ್ದೇವೆ. ಒಂದೊಂದು ಕಂಪ್ಯೂಟರಿಗೂ ಇನ್‌ಸ್ಟಾಲ್ ಮಾಡುವ ಕೆಲಸ ಇಲ್ಲ, ಬ್ರೌಸರ್ ತೆರೆದರೆ ಸಾಕು. ಹಳೇ ಲೆಕ್ಕವನ್ನೆಲ್ಲ ಹೊಸ ಪ್ರೋಗ್ರಾಮಿಗೆ ಸಾಗಿಸಬೇಕು, ಇದೇ ಮೈಗ್ರೇಶನ್. ಅದಕ್ಕೆ ಎರಡು ದಿನ ಬಿಲ್ ಆಗುವುದಿಲ್ಲ ಎಂದು ಗೇಟಿಗೆ ಬೋರ್ಡು ಹಾಕಬೇಕು. ‘ಡೇಟಾ ವಲಸೆ’ ಎಂದು ಬರೆದು ತೋರಿಸಿದೆ. ಯಾರು ಗುಳೆ ಹೊರಟರು ಎಂದು ಹಮಾಲರು ಕೇಳಿದರು. ಕೊಪ್ಪಳ, ರಾಯಚೂರಿನಲ್ಲಿ ವಲಸೆ ಅಂದ್ರೆ ಮನೆಗೆ ಬೀಗ ಹಾಕಿ ಕೂಲಿಗೆ ದೂರದ ಊರಿಗೆ ಹೋಗುವುದು. ಆ ಪದವನ್ನು ಇದಕ್ಕೆ ಬಳಸಲು ಮನಸ್ಸು ಬರುತ್ತಿಲ್ಲ.

ಬಳ್ಳಾರಿಯಿಂದ:
ಮನಸ್ಸಿನ ಮಾತು ಇಲ್ಲಿ ಬೇಡ. ವಲಸೆ ನಮ್ಮದೇ ಪದ. ತಮಿಳಿನಲ್ಲಿ ವಲಸೈ, ತೆಲುಗಿನಲ್ಲಿ ವಲಸ. ದಂಡು ಬರುತ್ತದೆ ಎಂದು ಹೆದರಿ ಊರು ಬಿಡುವುದು ಅದರ ಹಳೇ ಅರ್ಥ. ಈಗ ಹಕ್ಕಿಗೂ ವಲಸೆ ಅನ್ನುತ್ತೇವೆ. ಡೇಟಾಕ್ಕೂ ಆಗುತ್ತದೆ.

ರಾಯಚೂರಿನಿಂದ:
‘ರವಾನೆ’ ಬರೆಯಿರಿ. ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿರುವ ಪದ.

ಬಳ್ಳಾರಿಯಿಂದ:
ಅದು ಫಾರಸಿ. ಮನೆಯಲ್ಲಿ ಇರುವಾಗ ಸಾಲ ಯಾಕೆ?

ರಾಯಚೂರಿನಿಂದ:
ಗುಮಾಸ್ತ, ಹಮಾಲ, ದಲಾಲಿ, ರಸೀದಿ. ಇವನ್ನೆಲ್ಲ ತೆಗೆದುಬಿಟ್ಟರೆ ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಒಂದು ಚೀಲವೂ ಮಾರಾಟ ಆಗುವುದಿಲ್ಲ. ನಾವು 1948ರವರೆಗೆ ನಿಜಾಮರ ಆಡಳಿತದಲ್ಲಿದ್ದವರು. ನೀವು 1953ರವರೆಗೆ ಮದ್ರಾಸಿನ ಕಡೆ ಇದ್ದಿರಿ. ನಿಮ್ಮ ಕಾಗದಪತ್ರದ ಕನ್ನಡ ಬೇರೆ, ನಮ್ಮದು ಬೇರೆ. ನಮ್ಮಜ್ಜಿ ಓದು ಬರಹ ಕಲಿತವರಲ್ಲ, ಈ ಪದಗಳನ್ನೆಲ್ಲ ಆಡುತ್ತಿದ್ದರು. ಅವರು ಆಡಿದ್ದು ಕನ್ನಡವೇ. ಶುದ್ಧಿ ಮಾಡಲು ಬರಬೇಡಿ.

ಗಂಗಾವತಿಯಿಂದ:
ಜಗಳ ಬೇಡ, ನನಗೆ ಪದ ಬೇಕು. ಗಿರಣಿಯಲ್ಲಿ ರವಾನೆ ಆಯಿತು ಅಂದರೆ ಲಾರಿ ಗೇಟು ದಾಟಿತು, ಮಾಲು ನಮ್ಮ ಕೈಬಿಟ್ಟಿತು ಎಂದು ಅರ್ಥ. ಇಲ್ಲಿ ಆಗುವುದು ಬೇರೆ. ಹಳೇ ಖಾತೆಯಲ್ಲಿ ರೈತರ ಹೆಸರು ಹಳೇ ನುಡಿ ಫಾಂಟಿನಲ್ಲಿವೆ, ಹೊಸದಕ್ಕೆ ಎಲ್ಲ ಕಂಪ್ಯೂಟರಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರ ಬೇಕು. ಸುಮ್ನೆ ಎತ್ತಿ ಹಾಕಿದರೆ ‘ದುರ್ಗಪ್ಪ’ ಎಂಬ ಹೆಸರು ಓದಲಾಗದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ನುಡಿಯಲ್ಲಿ ಅರ್ಕಾವತ್ತು ಗಕಾರದ ನಂತರ ಇದೆ. ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಪ್ರತಿ ಹೆಸರನ್ನೂ ಕಿತ್ತು ಸರಿಯಾಗಿ ನೆಡಬೇಕು. ಅದಕ್ಕೇ ‘ನಾಟಿ’ ಹೊಳೆಯಿತು. ಮಡಿಯಲ್ಲಿ ಬೆಳೆದ ಸಸಿ, ಹೊಸದಾಗಿ ಹದ ಮಾಡಿದ ಗದ್ದೆ. ಭತ್ತದ ಊರಿನಲ್ಲಿ ಬಿಡಿಸಿ ಹೇಳಬೇಕಾಗಿಲ್ಲ.

ಬಳ್ಳಾರಿಯಿಂದ:
ನಾಟಿ ಕೋಳಿ ನೆನಪಾಗುತ್ತದೆ. ಬಿಡಿ.

ರಾಯಚೂರಿನಿಂದ:
ನಮ್ಮ ಕಡೆ ಅದು ಜವಾರಿ ಕೋಳಿ. ಯಾರಿಗೂ ಗೊಂದಲ ಆಗುವುದಿಲ್ಲ. ಕೋಳಿಯ ನಾಟಿ ‘ನಾಡು’ವಿನಿಂದ ಬಂತು, ಗದ್ದೆಯದು ‘ನಾಟು’ ಎಂಬ ಕ್ರಿಯೆಯಿಂದ. ರವಾನೆ ಬಿಟ್ಟುಕೊಟ್ಟೆ. ನಾಟಿ ಚೆನ್ನಾಗಿದೆ.

ಬಳ್ಳಾರಿಯಿಂದ:
ವ್ಯುತ್ಪತ್ತಿ ಸರಿ. ಆದರೆ ಗೇಟಿನಲ್ಲಿ ‘ಶನಿವಾರ ನಾಟಿ’ ಎಂದು ನೋಡಿದ ರೈತ ಯಾರ ಗದ್ದೆಯಲ್ಲಿ ಎಂದು ಕೇಳುತ್ತಾನೆ.

ಗಂಗಾವತಿಯಿಂದ:
ಈ ಮಾತು ಒಪ್ಪಿದೆ. ಬೋರ್ಡಿಗೆ ಹೆಸರುಪದವೇ ಬೇಡ. ‘ಲೆಕ್ಕವನ್ನು ಹೊಸ ಕಂಪ್ಯೂಟರ್ ಪದ್ಧತಿಗೆ ಹಾಕುತ್ತಿದ್ದೇವೆ. ಶನಿವಾರ, ಭಾನುವಾರ ಬಿಲ್ ಇಲ್ಲ’ ಎಂದು ಬರೆಸುತ್ತೇನೆ. ಗುಮಾಸ್ತರ ಕೈಪಿಡಿಯಲ್ಲಿ ಮಾತ್ರ ‘ನಾಟಿ’ ಇರಲಿ. ಅದೇ ಕೈಪಿಡಿಗೆ ಇನ್ನೊಂದು ಪದ ಬೇಕು. ಕ್ಲೈಂಟ್‌ಗೆ, ಅಂದರೆ ಸರ್ವರಿನಿಂದ ಮಾಹಿತಿ ಕೇಳಿ ಪಡೆಯುವ ಕಂಪ್ಯೂಟರ್ ಅಥವಾ ಬ್ರೌಸರಿಗೆ, ‘ಗ್ರಾಹಕ’ ಹಾಕಿದ್ದಾರೆ. ಗಿರಣಿಯಲ್ಲಿ ಗ್ರಾಹಕ ಅಂದ್ರೆ ಅಕ್ಕಿ ಕೊಳ್ಳುವವರು ಅಲ್ವಾ? ಸಂಜೆಯೊಳಗೆ ಹೇಳಿ.