ಗುಜರಿಯಿಂದ ತಂದ ಸ್ಕೋಪು: ಒಂದು ಚಾನೆಲ್ ಸತ್ತಿದೆ, ಬೋರ್ಡಿನಲ್ಲಿ ಪಾರ್ಟೇ ಇಲ್ಲ

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಮಂಡ್ಯ):
ನಮಸ್ಕಾರ ಸಾರ್. ಇಲ್ಲಿನ ಗುಜರಿ ಅಂಗಡಿಯಲ್ಲಿ ತೂಕದ ಲೆಕ್ಕಕ್ಕೆ ಒಂದು 20 ಮೆಗಾಹರ್ಟ್ಸ್ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಸಿಕ್ಕಿತು. ಪಿಕ್ಚರ್ ಟ್ಯೂಬಿನ ಹಳೇ ಮಾದರಿ, ಎರಡು ಚಾನೆಲ್. ಮೊದಲನೇ ಚಾನೆಲ್ ಚೆನ್ನಾಗಿದೆ, ಎರಡನೆಯದರಲ್ಲಿ ಗೆರೆಯೇ ಬರುತ್ತಿಲ್ಲ. ಮುಚ್ಚಳ ತೆಗೆದರೆ ಒಂದು ರೆಸಿಸ್ಟರ್ ಸುಟ್ಟು ಕರ್ರಗಾಗಿದೆ, ಬಣ್ಣದ ಪಟ್ಟಿಗಳೇ ಕಾಣುವುದಿಲ್ಲ. ಬೋರ್ಡಿನಲ್ಲಿ ಎರಡು ಕಡೆ ಪಾರ್ಟೇ ಇಲ್ಲ. ಸರ್ಕ್ಯೂಟ್ ಡಯಾಗ್ರಂ ಎಲ್ಲೂ ಸಿಗಲಿಲ್ಲ. ರಿಪೇರಿ ಆಗುತ್ತಾ, ಇಲ್ಲಾ ವಾಪಸ್ ಗುಜರಿಗೇನಾ?

ಉತ್ತರ (ಉಪಕರಣ ರಿಪೇರಿ, ಮೈಸೂರು):
ಆಗುತ್ತೆ. ಡಯಾಗ್ರಂ ನಿಮ್ಮ ಮುಂದೆಯೇ ಇದೆ, ಅದೇ ಮೊದಲನೇ ಚಾನೆಲ್. ಎರಡೂ ಚಾನೆಲ್ಲಿನ ಸರ್ಕ್ಯೂಟು ಹೆಚ್ಚುಕಮ್ಮಿ ಒಂದೇ. ಇದರಲ್ಲಿ ಸುಟ್ಟ ರೆಸಿಸ್ಟರಿನ ಬೆಲೆ, ಅಂದರೆ ಎಷ್ಟು ಓಮ್ ಅಂತ, ಅದರಲ್ಲಿ ಓದಿಕೊಳ್ಳಿ.

ಕೈ ಹಾಕುವ ಮೊದಲು ಒಂದು ಮಾತು. ಟ್ಯೂಬಿಗೆ ಸುಮಾರು 2000 ವೋಲ್ಟ್ ಹೋಗುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ಟ್ಯೂಬಿನ ಹಿಂಭಾಗದ ಕಡೆ ಬೆರಳು ಬೇಡವೇ ಬೇಡ. ಅರ್ಥ್ ಪಿನ್ ಮುರಿದ ಪ್ಲಗ್ ಇದ್ದರೆ ಇವತ್ತೇ ಬದಲಿಸಿ.

ಈಗ ಖಾಲಿ ಜಾಗಗಳು. ತೂತಿನೊಳಗೆ ಬೆಸುಗೆ ನುಣ್ಣಗೆ ತುಂಬಿದ್ದು, ಸುತ್ತ ಯಾರೂ ಕೈ ಹಾಕಿದ ಗುರುತಿಲ್ಲದಿದ್ದರೆ ಅಲ್ಲಿ ಕಾರ್ಖಾನೆಯವರು ಏನೂ ಹಾಕಿರಲೇ ಇಲ್ಲ. ಒಂದೇ ಬೋರ್ಡನ್ನು ನಾಲ್ಕು ಮಾದರಿಗೆ ಬಳಸುತ್ತಿದ್ದರು, ಅಷ್ಟೇ. ಬೆಸುಗೆಗೆ ಹಚ್ಚುವ ಫ್ಲಕ್ಸಿನ ಕಂದು ಕಲೆ, ಎದ್ದ ತಾಮ್ರ, ಅರ್ಧ ಹೀರಿದ ಬೆಸುಗೆ ಕಂಡರೆ ಯಾರೋ ಕಿತ್ತಿದ್ದಾರೆ. ಪಕ್ಕದ ಚಾನೆಲ್ ನೋಡಿದರೆ ಖಾತ್ರಿಯಾಗುತ್ತೆ.

ರೆಸಿಸ್ಟರ್ ತಾನಾಗಿ ಸುಡುವುದು ಅಪರೂಪ, ಅದರ ಆಚೆ ಏನೋ ಶಾರ್ಟ್ ಆಗಿರುತ್ತೆ. ಮೊದಲನೇ ಚಾನೆಲ್ಲಿನ ಜೋಡಿ 47 ಓಮ್ ಅಂತಿಟ್ಟುಕೊಳ್ಳಿ. 12 ವೋಲ್ಟ್ ಪೂರ್ತಿ ಅದರ ಮೇಲೆ ಬಿದ್ದರೆ 3 ವ್ಯಾಟ್ ಶಾಖ. ಕಾಲು ವ್ಯಾಟಿನ ರೆಸಿಸ್ಟರ್ ಉಳಿಯುತ್ತಾ? ಹೊಸದು ಹಾಕಿ ಆನ್ ಮಾಡಿದರೆ ಅದೂ ಹೊಗೆ. ಹಾಗಾಗಿ ಸ್ಕೋಪ್ ಆಫ್ ಇಟ್ಟು, ರೆಸಿಸ್ಟರಿನ ಆಚೆ ತುದಿಯಿಂದ ಗ್ರೌಂಡಿಗೆ ಓಮ್ ಅಳೆಯಿರಿ. ಎರಡೂ ಚಾನೆಲ್ಲಿನಲ್ಲಿ ಅಳೆದು ಹೋಲಿಸಿ ಬರೆಯಿರಿ.

ಪ್ರಶ್ನೆ (ಮಂಡ್ಯ):
ಸಾರ್, ಒಳ್ಳೇ ಚಾನೆಲ್ಲಿನಲ್ಲಿ ಕೆಲವು ನೂರು ಓಮ್, ಕೆಟ್ಟದ್ದರಲ್ಲಿ ಬರೀ 2. ಜೋಡಿ ರೆಸಿಸ್ಟರ್ 47 ಓಮೇ! ಆ ಲೈನಿನಲ್ಲಿ ನಾಲ್ಕೈದು ಕೆಪಾಸಿಟರ್ ಇವೆ. ಎಲ್ಲಾ ಕಿತ್ತು ನೋಡಲಾ?

ಉತ್ತರ:
ಬೇಡ, ಹಳೇ ಬೋರ್ಡಿನ ತಾಮ್ರ ಎದ್ದು ಬರುತ್ತೆ. ಪವರ್ ಸಪ್ಲೈ ಇದ್ದರೆ 1 ವೋಲ್ಟ್, ಅರ್ಧ ಆಂಪಿಯರ್ ಮಿತಿ ಇಟ್ಟು ಆ ಲೈನಿಗೆ ಕೊಡಿ. ಸ್ಕೋಪಿನ ಪ್ಲಗ್ ಕಿತ್ತಿರಲಿ, ಸುಟ್ಟ ರೆಸಿಸ್ಟರ್ ತೆಗೆದಿರಲಿ. ಮೀಟರನ್ನು 200 ಮಿಲಿವೋಲ್ಟ್ ರೇಂಜಿಗೆ ಇಟ್ಟು, ಒಂದೊಂದು ಕೆಪಾಸಿಟರಿನ ಎರಡು ಕಾಲಿಗೇ ನೇರವಾಗಿ ಮುಟ್ಟಿಸುತ್ತಾ ಹೋಗಿ. ರೇಂಜ್ ಮೀರಿದರೆ ಕರೆಂಟ್ ಇನ್ನೂ ಇಳಿಸಿ. ಎಲ್ಲಿ ಎಲ್ಲಕ್ಕಿಂತ ಕಮ್ಮಿ ತೋರಿಸುತ್ತದೋ ಕಳ್ಳ ಅಲ್ಲೇ.

ಹನಿಯ ಆಕಾರದ ಟ್ಯಾಂಟಲಮ್ ಕೆಪಾಸಿಟರ್ ಇದ್ದರೆ ನನ್ನ ಅನುಮಾನ ಮೊದಲು ಅದರ ಮೇಲೆ. ಆ ಜಾತಿ ಕೆಟ್ಟರೆ ಹೆಚ್ಚಾಗಿ ಶಾರ್ಟೇ ಆಗುವುದು. ಬದಲಿಗೆ ಅಷ್ಟೇ ಮೈಕ್ರೋಫ್ಯಾರಡಿನ, 25 ಅಥವಾ 35 ವೋಲ್ಟಿನ ಸಾಮಾನ್ಯ ಎಲೆಕ್ಟ್ರೋಲಿಟಿಕ್ ಸಾಕು. ಟ್ಯಾಂಟಲಮ್ಮಿಗೆ ಪ್ಲಸ್ ಕಾಲಿನ ಗುರುತು, ಎಲೆಕ್ಟ್ರೋಲಿಟಿಕ್ಕಿಗೆ ಮೈನಸ್ ಕಾಲಿನ ಪಟ್ಟಿ. ಗುರುತು ನೋಡಿ ಗುರುತಿಗೇ ಹಾಕಿದರೆ ಉಲ್ಟಾ ಆಗುತ್ತೆ.

ಪ್ರಶ್ನೆ (ಹವ್ಯಾಸಿ, ಮೈಸೂರು):
ಅಣ್ಣ, ನಡುವೆ ಬಂದೆ. ನನ್ನದು ಹಳೇ ಫಂಕ್ಷನ್ ಜನರೇಟರ್ (ಪರೀಕ್ಷೆಗೆ ಬೇಕಾದ ಅಲೆ ಹುಟ್ಟಿಸುವ ಉಪಕರಣ), ಹೋಲಿಸಲು ಜೋಡಿ ಇಲ್ಲ. ಸುಟ್ಟ ರೆಸಿಸ್ಟರಿನ ಬೆಲೆ ತಿಳಿಯುವುದು ಹೇಗೆ?

ಉತ್ತರ:
ಸುಟ್ಟ ಜಾಗ ಒಂದೇ ಕಡೆ ಇದ್ದರೆ ಅದರ ಎರಡೂ ಪಕ್ಕ ಬ್ಲೇಡಿನಿಂದ ಬಣ್ಣ ಕೆರೆಯಿರಿ. ಈ ತುದಿಯಿಂದ ಗಾಯದವರೆಗೆ, ಆ ತುದಿಯಿಂದ ಗಾಯದವರೆಗೆ ಅಳೆದು ಕೂಡಿಸಿ. ನಡುವಿನ ತುಂಡು ಲೆಕ್ಕಕ್ಕೆ ಬರಲ್ಲವಲ್ಲ, ಆದ್ದರಿಂದ ನಿಜವಾದ ಬೆಲೆ ಸ್ವಲ್ಪ ಜಾಸ್ತಿ. 43 ಬಂದರೆ 47 ಅಂದುಕೊಳ್ಳಿ. ಪೂರ್ತಿ ಇದ್ದಿಲಾಗಿದ್ದರೆ ಸುತ್ತಲಿನ ಸರ್ಕ್ಯೂಟನ್ನು ಕಾಗದದ ಮೇಲೆ ಬಿಡಿಸಿ ಲೆಕ್ಕ ಹಾಕಬೇಕು. ಅದು ಬೇಜಾರಿನ ಕೆಲಸ, ಬೇರೆ ದಾರಿ ಇಲ್ಲ.

ಪ್ರಶ್ನೆ (ಮಂಡ್ಯ):
ಸಾರ್, ಟ್ಯಾಂಟಲಮ್ಮೇ! ಬದಲಿಸಿದ ಮೇಲೆ 12 ವೋಲ್ಟ್ ಸರಿಯಾಗಿ ಬರುತ್ತಿದೆ. ಖಾಲಿ ಜಾಗದಲ್ಲಿ ಒಂದು ಸುಮ್ನೆ ಬಿಟ್ಟದ್ದೇ, ಇನ್ನೊಂದರಲ್ಲಿ ಟ್ರಾನ್ಸಿಸ್ಟರ್ ಇರಬೇಕಿತ್ತು. ಪಕ್ಕದ ಚಾನೆಲ್ಲಿನಲ್ಲಿ 2ಎನ್3904 ಇದೆ. ಅಂಗಡಿಯಲ್ಲಿ ಅದಿರಲಿಲ್ಲ, ಬಿಸಿ547 ಕೊಟ್ಟರು. ಹಾಕಿದೆ, ಗೆರೆ ಪರದೆಯಿಂದ ಮೇಲೆ ಎಲ್ಲೋ ಹೋಗಿದೆ.

ಉತ್ತರ:
ಅಂಗಡಿಯವರು ಕೊಟ್ಟದ್ದು ಸರಿಯೇ, ಇಲ್ಲಿ ನಡೆಯುತ್ತೆ. ಕಾಲುಗಳು ಮಾತ್ರ ತಿರುಗುಮುರುಗು. ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಇಟ್ಟರೆ 3904ರಲ್ಲಿ ಎಡದಿಂದ ಎಮಿಟರ್, ಬೇಸ್, ಕಲೆಕ್ಟರ್. 547ರಲ್ಲಿ ಕಲೆಕ್ಟರ್, ಬೇಸ್, ಎಮಿಟರ್. ಕಿತ್ತು 180 ಡಿಗ್ರಿ ತಿರುಗಿಸಿ ಹಾಕಿ.

ಗೆರೆ ಬಂದ ಮೇಲೆ ಮುಂಭಾಗದ ಕ್ಯಾಲ್ ಪಿನ್ನಿಗೆ (ಪರೀಕ್ಷೆಗಾಗಿ ಸ್ಕೋಪೇ ಚೌಕ ಅಲೆ ಕೊಡುವ ಪಿನ್) ಪ್ರೋಬ್ ಸಿಕ್ಕಿಸಿ ಎರಡೂ ಚಾನೆಲ್ ಹೋಲಿಸಿ. ಎತ್ತರ ಒಂದೇ ಇರಬೇಕು. ಚೌಕ ಅಲೆಯ ಮೂಲೆ ದುಂಡಗಾಗಿದ್ದರೆ ಬೋರ್ಡಿನ ಟ್ರಿಮ್ಮರ್ (ತಿರುಗಿಸಿ ಹೊಂದಿಸುವ ಪುಟ್ಟ ಪಾರ್ಟು) ಮುಟ್ಟಬೇಡಿ, ಮೊದಲು ಪ್ರೋಬಿನದ್ದೇ ಪುಟ್ಟ ಸ್ಕ್ರೂ ತಿರುಗಿಸಿ ನೋಡಿ.