ಗೇಮ್‌ನಲ್ಲಿರೋ ಪಾತ್ರಗಳು ಆಡೋರ ಮೇಲೆ ಹಗೆ ಇಟ್ಕೋಬೇಕಾ?

ಸಂತೆಬೀದಿ

ಎಲ್ರಿಗೂ ನಮಸ್ಕಾರ. ಗೊಡೊ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರಲ್ಲಿ ಒಂದು ಸಣ್ಣ ಗೇಮ್ ಮಾಡ್ತಾ ಇದೀನಿ. ವಾರದ ಸಂತೆ, ಆಡೋರು ಅಲ್ಲಿ ಸಾಮಾನು ಕೊಂಡು ಮಾರಬೇಕು, ಚೌಕಾಸಿ ಮಾಡಬಹುದು, ಉದ್ರಿ ತಗೋಬಹುದು, ಬೇಕಂದ್ರೆ ಕದೀಬಹುದು ಕೂಡ. ಅದರಲ್ಲಿ ಸಾವಿತ್ರಕ್ಕ ಅಂತ ಬೆಲ್ಲದ ಅಂಗಡಿಯವರು ಒಬ್ರಿದಾರೆ. ಉದ್ರಿ ತೀರಿಸದೆ ಕೈ ಎತ್ತಿದ್ರೆ ಅವರು ಮರೆಯಲ್ಲ, ಮುಂದಿನ ಸಂತೇಲಿ ಬೆಲ್ಲ ಮುಟ್ಟಕ್ಕೂ ಬಿಡಲ್ಲ, ಪಕ್ಕದ ಮೆಣಸಿನಕಾಯಿ ಅಂಗಡಿಯವರಿಗೂ ಹೇಳಿರ್ತಾರೆ. ಆಡಿ ನೋಡಿದ ಫ್ರೆಂಡ್ಸಲ್ಲಿ ಕೆಲವರಿಗೆ ಇದೇ ತುಂಬ ಇಷ್ಟ ಆಯ್ತು, ಇನ್ನು ಕೆಲವರು ಅವರು ಬೈದ ತಕ್ಷಣ ಹಳೇ ಸೇವ್ ಲೋಡ್ ಮಾಡ್ಕೊಂಡು, ಅಂದ್ರೆ ಮೊದಲೇ ಉಳಿಸಿಟ್ಟಿದ್ದ ಜಾಗಕ್ಕೆ ಆಟನ ವಾಪಸ್ ತಗೊಂಡು ಹೋಗಿ, ಏನೂ ಆಗಿಲ್ಲ ಅನ್ನೋ ತರ ಆಟ ಮುಂದುವರಿಸಿದ್ರು. ನನಗಂತೂ ಪಾತ್ರಗಳು ನೆನಪಿಟ್ಕೊಂಡ್ರೇನೇ ಅವು ಬದುಕಿವೆ ಅನ್ಸೋದು. ಆದ್ರೆ ಎಷ್ಟು ದಿನ ನೆನಪಿಟ್ಕೋಬೇಕು, ಕ್ಷಮಿಸ್ಬೇಕಾ ಬೇಡ್ವಾ? ನಿಮ್ಮ ಅಭಿಪ್ರಾಯ ಹೇಳಿ.

ನೈಟ್‌ಶಿಫ್ಟ್_ನಾಗ

ಗುರು, ಖಂಡಿತ ಇಟ್ಕೋಬೇಕು. 2014ರಲ್ಲಿ ಬಂದ ಶ್ಯಾಡೋ ಆಫ್ ಮಾರ್ಡರ್ ಆಡಿದೀರಾ? ಅದರ ನೆಮೆಸಿಸ್ ಸಿಸ್ಟಮ್ ನೋಡಿದ ಮೇಲೆ ಬೇರೆ ಗೇಮ್‌ಗಳ ವಿಲನ್‌ಗಳು ನನಗೆ ಸಪ್ಪೆ ಅನ್ಸಕ್ಕೆ ಶುರುವಾಯ್ತು. ಯಾವನೋ ಹೆಸರೂ ಇಲ್ಲದ ಓರ್ಕ್ (ಅಲ್ಲಿನ ರಾಕ್ಷಸ ಸೈನಿಕ) ನಿಮ್ಮನ್ನ ಸಾಯಿಸಿದ್ರೆ ಅವನಿಗೆ ಹೆಸರು ಬರತ್ತೆ, ಪ್ರಮೋಷನ್ ಸಿಗತ್ತೆ, ಮತ್ತೆ ಎದುರಾದಾಗ ನಾನೇ ತಾನೆ ನಿನ್ನ ಮುಗಿಸಿದ್ದು, ಮತ್ತೆ ಹೆಂಗೆ ಬಂದೆ ಅಂತ ಕೇಳ್ತಾನೆ. ಬೆಂಕಿ ಹಚ್ಚಿ ಬಿಟ್ಟು ಬಂದಿದ್ರೆ ಸುಟ್ಟ ಮುಖ ಇಟ್ಕೊಂಡೇ ವಾಪಸ್ ಬರ್ತಾನೆ. ಅರ್ಧಕ್ಕೆ ಬಿಟ್ಟು ಓಡಿ ಹೋಗಿದ್ರೆ ಅದನ್ನೂ ಆಡ್ಕೋತಾನೆ. ಮುಖ್ಯ ಏನಂದ್ರೆ ಅಲ್ಲಿ ನಮ್ಮ ಹೀರೋ ಸಾಯಕ್ಕೆ ಆಗಲ್ಲ ಅನ್ನೋದೇ ಕಥೆ, ಹಂಗಾಗಿ ಸತ್ತು ವಾಪಸ್ ಬರೋದು ಕೂಡ ಕಥೆಯೊಳಗೇ ನಡೆಯತ್ತೆ. ಸೋಲನ್ನ ಅಳಿಸಿ ಹಾಕೋ ಆಸೇನೇ ಬರಲ್ಲ, ಯಾಕಂದ್ರೆ ಸೋತ್ರೆ ಆಟ ಇನ್ನೂ ರುಚಿ ಆಗತ್ತೆ. ನಿಮ್ಮ ಫ್ರೆಂಡ್ಸ್ ಹಳೇ ಸೇವ್ ಲೋಡ್ ಮಾಡಿದ್ರು ಅಂದ್ರೆ ಸಾವಿತ್ರಕ್ಕನ ಸಿಟ್ಟಿಂದ ಅವರಿಗೆ ಬರೀ ನಷ್ಟ ಆಗಿದೆ, ಹೊಸದಾಗಿ ಆಡಕ್ಕೆ ಏನೂ ಸಿಕ್ಕಿಲ್ಲ ಅಂತ ಅರ್ಥ.

ಇನ್ನೊಂದು ಬೇಜಾರಿನ ವಿಷಯ, ಆ ಸಿಸ್ಟಮ್‌ಗೆ ಆ ಗೇಮ್ ಹೊರತಂದ ವಾರ್ನರ್ ಬ್ರದರ್ಸ್‌ಗೆ 2021ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಸಿಕ್ತು, 2036ರ ತನಕ ಇದೆ. ಅದನ್ನ ಮಾಡಿದ ಮೊನೊಲಿತ್ ಸ್ಟುಡಿಯೋನ 2025ರಲ್ಲಿ ಮುಚ್ಚೇಬಿಟ್ರು. ಅಷ್ಟು ಒಳ್ಳೆ ಐಡಿಯಾ ಕಪಾಟಲ್ಲಿ ಕೂತಿರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಹಳೇಕಾರ್ಟ್ರಿಡ್ಜ್

ನಾಗ ಅವರೆ, ನೀವು ಹೇಳಿದ್ದು ಶತ್ರುಗಳಿಗೆ ಸರಿ. ಇಲ್ಲಿರೋದು ಅಂಗಡಿಯವರು, ಅಲ್ಲಿ ಲೆಕ್ಕ ಬೇರೆ. ಗೇಮ್ ಬಾಯ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಯಂತ್ರಕ್ಕೆ 1993ರಲ್ಲಿ ಬಂದ ಜೆಲ್ಡಾ ಸರಣಿಯ ಗೇಮ್, ಲಿಂಕ್ಸ್ ಅವೇಕನಿಂಗ್, ಅದರಲ್ಲಿ ಅಂಗಡಿಯವನು ಬೇರೆ ಕಡೆ ತಿರುಗಿರೋವಾಗ ಸಾಮಾನು ಎತ್ಕೊಂಡು ಹೊರಗೆ ಓಡಬಹುದು. ಅಲ್ಲಿಂದಾಚೆ ನೀವಿಟ್ಟ ಹೆಸರು ಹೋಗಿ ಆಟದಲ್ಲಿ ಎಲ್ರೂ ನಿಮ್ಮನ್ನ ಕಳ್ಳ ಅಂತಾನೇ ಕರೀತಾರೆ, ಮತ್ತೆ ಆ ಅಂಗಡಿಗೆ ಕಾಲಿಟ್ರೆ ಅಂಗಡಿಯವನು ಸಾಯಿಸೇ ಬಿಡ್ತಾನೆ. ಚಿಕ್ಕ ವಯಸ್ಸಲ್ಲಿ ನೋಡಿದವರು ಯಾರೂ ಮರೆತಿರಲ್ಲ. ಆದ್ರೆ ಅದು ಒಂದೇ ಅಂಗಡಿ, ಒಂದೇ ಕಳ್ಳತನ, ಅದಕ್ಕೇ ಚೆನ್ನಾಗಿದೆ. ಊರಿನ ಎಲ್ಲಾ ಅಂಗಡಿಗೂ ಹಂಗೆ ಮಾಡಿದ್ರೆ ಆಡೋರು ಹೊಸದೇನನ್ನೂ ಮಾಡಿ ನೋಡಕ್ಕೆ ಹೆದರ್ತಾರೆ.

ಸೇವ್ ಲೋಡ್ ಮಾಡೋರಿಗೆ ಉತ್ತರ ಕೊಟ್ಟಿದ್ದು ಅಂದ್ರೆ 2015ರ ಅಂಡರ್‌ಟೇಲ್. ಶುರುವಲ್ಲಿ ನಿಮ್ಮನ್ನ ಕಾಪಾಡೋ ಟೊರಿಯಲ್‌ನ ಕೊಂದು, ಪಾಪ ಅನ್ಸಿ ಸೇವ್ ಮಾಡದೆ ವಾಪಸ್ ಹೋಗಿ ಉಳಿಸಿ ಬಂದ್ರೂ ಫ್ಲವಿ ಅನ್ನೋ ಮಾತಾಡೋ ಹೂವು ಬಂದು ನೀನೇನು ಮಾಡ್ದೆ ಅಂತ ನಂಗೊತ್ತು ಅಂತಾನೆ. ಎಲ್ರನ್ನೂ ಕೊಂದು ಮುಗಿಸಿದ್ರಂತೂ ಆ ನೆನಪು ಮಾಮೂಲಿ ಸೇವ್‌ನ ಹೊರಗೆ ಉಳ್ಕೊಂಡಿರತ್ತೆ, ಹೊಸದಾಗಿ ಆಡಿ ಒಳ್ಳೆಯವನಾಗಿ ಮುಗಿಸಿದ್ರೂ ಕೊನೆ ದೃಶ್ಯ ಕೆಟ್ಟಿರತ್ತೆ. ಆದ್ರೆ ಆ ಗೇಮ್ ಇರೋದೇ ಆ ವಿಷಯದ ಮೇಲೆ. ಬೆಲ್ಲ ಮಾರೋ ಆಟಕ್ಕೆ ಅಷ್ಟು ಭಾರ ಹೊರಿಸಬೇಡಿ.

ಕಾಫಿಪುಡಿ

ನಾನು ಆಟ ಆಡೋದು ಮಕ್ಕಳು ಮಲಗಿದ ಮೇಲೆ, ಆ ಹೊತ್ತಲ್ಲಿ ಯಾರ ಮುನಿಸೂ ಬೇಡ ನನಗೆ. ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ಗೇಮಲ್ಲಿ ಇರೋಷ್ಟು ಸಾಕು. ಕಸದ ಡಬ್ಬಿ ಕೆದಕೋದನ್ನ ಹತ್ರ ಇದ್ದವರು ನೋಡಿದ್ರೆ ಅಸಹ್ಯ ಪಟ್ಕೊಂಡು ಸ್ವಲ್ಪ ಸ್ನೇಹ ಕಮ್ಮಿ ಆಗತ್ತೆ, ಟೆಂಟಲ್ಲಿ ಇರೋ ಲೈನಸ್ ಮಾತ್ರ ಬೇಜಾರು ಮಾಡ್ಕೊಳಲ್ಲ, ಯಾಕಂದ್ರೆ ಅವನೂ ಅದೇ ಮಾಡಿದವನು. ಅಷ್ಟರಲ್ಲೇ ಅವನು ಎಂಥವನು ಅಂತ ಗೊತ್ತಾಗ್ಬಿಡತ್ತೆ. ಒಂದೇ ತಪ್ಪಿಗೆ ಒಬ್ಬೊಬ್ಬರು ಒಂದೊಂದು ತರ ನಡ್ಕೊಂಡ್ರೆ ಚೆಂದ, ಎಲ್ರೂ ಸೇರಿ ಬಹಿಷ್ಕಾರ ಹಾಕಿದ್ರೆ ನಾನು ಗೇಮ್ ಡಿಲೀಟ್ ಮಾಡ್ತೀನಿ.

ಪಾಯಿಂಟರ್_ಪುಟ್ಟ

ಕಾಫಿಪುಡಿ ಮೇಡಂ ಹೇಳಿದ್ದೇ ನಾನೂ ಹೇಳ್ಬೇಕು ಅಂತಿದ್ದೆ. ಊರಿಗೆಲ್ಲ ಒಂದೇ ಮರ್ಯಾದೆ ಪಾಯಿಂಟ್ ಅಂತ ಇಡಬೇಡಿ, ಒಬ್ಬೊಬ್ಬ ಎನ್‌ಪಿಸಿಗೂ (ಗೇಮ್ ತಾನೇ ನಡೆಸೋ ಪಾತ್ರ) ಅವರದೇ ಸಣ್ಣ ಲಿಸ್ಟ್ ಇಡಿ: ಏನಾಯ್ತು, ಕಣ್ಣಾರೆ ನೋಡಿದ್ದಾ ಇಲ್ಲ ಯಾರೋ ಹೇಳಿದ್ದಾ, ಯಾವ ಸಂತೇಲಿ. ಸ್ಕೈರಿಮ್ ಅನ್ನೋ ಗೇಮಲ್ಲಿ ಇದೇ ಕೊರತೆ. ಕದ್ದಿದ್ದಕ್ಕೆ ಯಾರೋ ದುಡ್ಡು ಕೊಟ್ಟು ಮೂರು ಜನ ರೌಡಿಗಳನ್ನ ಕಳಿಸ್ತಾರೆ, ಅವರ ಜೇಬಲ್ಲಿ ಕಳಿಸಿದವರ ಹೆಸರಿರೋ ಚೀಟಿ ಕೂಡ ಸಿಗತ್ತೆ. ಎಂಥಾ ಒಳ್ಳೆ ವಿಷಯ! ಆದ್ರೆ ಕಳಿಸಿದ ಅಂಗಡಿಯವರ ಹತ್ರಾನೇ ಹೋದ್ರೆ ಏನೂ ನಡೆದೇ ಇಲ್ಲ ಅನ್ನೋ ತರ ವ್ಯಾಪಾರ ಮಾಡ್ತಾರೆ. ಹಗೆ ಇದೆ, ಇಟ್ಕೊಂಡ ಮನುಷ್ಯರಿಲ್ಲ.

ಎರಡನೇದು, ಆಡೋರಿಗೆ ತಿರುಗಿ ಏನಾದ್ರೂ ಮಾಡೋ ದಾರಿ ಇರಬೇಕು. 2015ರ ಮೆಟಲ್ ಗೇರ್ ಸಾಲಿಡ್ 5ರಲ್ಲಿ ನೀವು ಬರೀ ತಲೆಗೇ ಗುಂಡು ಹೊಡೀತಿದ್ರೆ ವೈರಿ ಸೈನಿಕರು ಹೆಲ್ಮೆಟ್ ಹಾಕ್ಕೊಂಡು ಬರಕ್ಕೆ ಶುರು ಮಾಡ್ತಾರೆ. ಆಗ ನೀವು ನಿಮ್ಮ ಜನರನ್ನ ಕಳಿಸಿ ಆ ಹೆಲ್ಮೆಟ್ ಸಪ್ಲೈನೇ ಕಡಿಸಬಹುದು. ಅಲ್ಲಿಗೆ ಅವರ ನೆನಪು ನಿಮಗೊಂದು ಕೆಲಸ ಕೊಡ್ತು.

ಸಾವಿತ್ರಕ್ಕನ ಕೈಗೆ ಒಂದು ಉದ್ರಿ ಪುಸ್ತಕ ಕೊಡಿ. ನಿಮ್ಮ ಹೆಸರು, ಬಾಕಿ ಎಲ್ಲ ಅದರಲ್ಲಿ ಕಾಣಲಿ, ಅವರ ಸಿಟ್ಟಿಗೆ ಕಾರಣ ಏನು ಅಂತ ಆಡೋರು ತಲೆ ಕೆಡಿಸ್ಕೊಳ್ಳೋ ಹಾಗಿರಬಾರದು. ಬಾಕಿ ಕಟ್ಟಿದ್ರೆ ಗೆರೆ ಎಳೀಲಿ, ಆದ್ರೆ ಗೆರೆ ಎಳೆದ ಹೆಸರು ಅಲ್ಲೇ ಇರಲಿ, ಮುಂದೆ ಉದ್ರಿ ಕೇಳಿದಾಗ ಕಮ್ಮಿ ಕೊಡಲಿ. ಪೇಟೆಂಟ್ ವಿಷಯಕ್ಕೆ ಹೆದರಬೇಡಿ, ಅದು ಪಾತ್ರಗಳ ಮೇಲು ಕೀಳಿನ ಸ್ಥಾನ ಬದಲಾಗೋ ಆ ನಿರ್ದಿಷ್ಟ ಏರ್ಪಾಡಿಗೆ ಸೇರಿದ್ದು, ಅಂಗಡಿಯವರು ಸಾಲ ನೆನಪಿಟ್ಕೊಳೋದಕ್ಕಲ್ಲ.

ಸಂತೆಬೀದಿ

ಪುಟ್ಟ ಅವರೆ, ಉದ್ರಿ ಪುಸ್ತಕ ಇವತ್ತೇ ಹಾಕ್ತೀನಿ. ನಾಗ ಅವರ ಮಾತೂ ತಲೇಲಿ ಕೂತಿದೆ, ಸಿಟ್ಟಿನಿಂದ ಹೊಸ ಆಟ ಹುಟ್ಟಬೇಕು, ಅದಕ್ಕೆ ಬಾಕಿ ದುಡ್ಡಿನ ಬದಲು ಅವರ ಗಾಡಿಯಿಂದ ಬೆಲ್ಲದ ಅಚ್ಚು ಇಳಿಸಿ ಕೊಡೋ ಕೆಲಸ ಮಾಡಿ ತೀರಿಸೋ ದಾರಿ ಇಡ್ತೀನಿ. ಮೆಣಸಿನಕಾಯಿ ಅಂಗಡಿಯವರು ಕಣ್ಣಾರೆ ನೋಡಿಲ್ಲ, ಹಾಗಾಗಿ ಅವರು ಅನುಮಾನದಿಂದ ಮುಂಗಡ ಕೇಳ್ತಾರೆ ಅಷ್ಟೇ, ವ್ಯಾಪಾರ ನಿಲ್ಲಿಸಲ್ಲ. ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ: ಸಾಲ ತೀರಿದ ಸುದ್ದಿ ಕೂಡ ಮೆಣಸಿನಕಾಯಿ ಅಂಗಡಿ ತನಕ ತಾನಾಗೇ ಹೋಗ್ಬೇಕಾ, ಇಲ್ಲ ಆಡೋರೇ ಸಾವಿತ್ರಕ್ಕನ ಹತ್ರ ಹೇಳಿಸ್ಬೇಕಾ?