ಮರಳಿನ ಮೇಲೆ ಕುಳಿತ ಪ್ರೇರಿ ಮಣ್ಣಿನಲ್ಲಿ ನೀರು ಏಕೆ ಬಸಿಯುವುದಿಲ್ಲ? ವಿವರಣೆ ಬರೆಯುವ ಬಗ್ಗೆ ಸಲಹೆ ಬೇಕು

ಬಾಣೇರ್‌ವಾಸಿ (ಪುಣೆ):

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಭೂಗೋಳ ಓದಿದ ನಾನು ಈಗ ಪುಣೆಯ ಒಂದು ನಕಾಶೆ ತಯಾರಿಕೆಯ ಕಚೇರಿಯಲ್ಲಿದ್ದೇನೆ. ಅಮೆರಿಕದ ಮಿನ್ನೆಸೋಟ ರಾಜ್ಯದ ದಕ್ಷಿಣ ಭಾಗದ ಹೊಲಗಳಿಗೆ ಬಸಿಗಾಲುವೆ ಯೋಜಿಸುವ ಕೆಲಸವೊಂದು ನಮ್ಮಲ್ಲಿಗೆ ಬಂದಿದೆ. ಅದರಲ್ಲಿ ಬಿಸ್ಕೆ ಎಂಬ ಮಣ್ಣಿನ ಸರಣಿಯ (ಒಂದೇ ಬಗೆಯ ಪದರಗಳಿರುವ ಮಣ್ಣುಗಳ ಗುಂಪಿನ) ಬಗ್ಗೆ ಒಂದು ಪುಟದ ವಿವರಣೆಯನ್ನು ನಾನು ಬರೆದುಕೊಡಬೇಕಾಗಿದೆ. ಮೇಲ್ಭಾಗದಲ್ಲಿ ಗೋಡು ಮಣ್ಣು, ಒಂದು ಮೀಟರಿನ ಒಳಗೇ ಹಿಮನದಿಯ ಕರಗುನೀರು ತಂದು ಹರಡಿದ ಮರಳು ಮತ್ತು ಗರಸು, ಮೂಲ ಸಸ್ಯವರ್ಗ ಎತ್ತರದ ಪ್ರೇರಿ ಹುಲ್ಲು, ಬಸಿಯುವಿಕೆ ‘ಕಳಪೆ’ ಎಂದು ದಾಖಲೆಯಲ್ಲಿದೆ.

ನನಗೆ ಅರ್ಥವಾಗದಿರುವುದು ಈ ಕೊನೆಯ ಮಾತು. ಪುಣೆಯ ಸುತ್ತಲಿನ ಕಪ್ಪು ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ನೀರು ನಿಲ್ಲುವುದನ್ನು ನೋಡಿದ್ದೇನೆ, ಅಲ್ಲಿ ಜೇಡಿಯೇ ಕಾರಣವೆಂಬುದು ಸ್ಪಷ್ಟ. ಆದರೆ ಕೆಳಗೆ ಮರಳೂ ಗರಸೂ ಇರುವಾಗ ನೀರು ಸರಸರನೆ ಇಳಿದು ಹೋಗಬೇಕಲ್ಲವೇ? ದಾಖಲೆಯಲ್ಲೇ ತಪ್ಪಿದೆಯೋ, ನನ್ನ ತಿಳಿವಳಿಕೆಯಲ್ಲಿ ಕೊರತೆಯಿದೆಯೋ ತಿಳಿಸಿಕೊಡಿ. ಇಂತಹ ಮಣ್ಣನ್ನು ಯಾವ ಕ್ರಮದಲ್ಲಿ ವಿವರಿಸುವುದು ಸರಿ ಎಂಬುದನ್ನೂ ಹೇಳಿದರೆ ಉಪಕಾರವಾಗುತ್ತದೆ.

ಮಣ್ಣುಪರೀಕ್ಷಕ (ಪುಣೆ, ನಿವೃತ್ತ):

ದಾಖಲೆ ಸರಿಯಾಗಿಯೇ ಇದೆ. ಮಣ್ಣು ನೀರನ್ನು ಎಷ್ಟು ವೇಗವಾಗಿ ಹಾಯಗೊಡುತ್ತದೆ ಎಂಬುದು ಒಂದು ಸಂಗತಿ, ವರ್ಷದಲ್ಲಿ ಎಷ್ಟು ಕಾಲ ಯಾವ ಆಳದವರೆಗೆ ಮಣ್ಣು ನೀರಿನಲ್ಲಿ ನೆನೆದಿರುತ್ತದೆ ಎಂಬುದು ಇನ್ನೊಂದು. ಅಮೆರಿಕದ ಮಣ್ಣು ಸಮೀಕ್ಷೆಯು ಬಳಸುವ ಬಸಿಯುವಿಕೆಯ ವರ್ಗಗಳು ಎರಡನೆಯದನ್ನು ಹೇಳುತ್ತವೆಯೇ ಹೊರತು ಮೊದಲನೆಯದನ್ನಲ್ಲ. ತಳದಲ್ಲಿ ತೂತಿರುವ ಹೂಕುಂಡವನ್ನು ನೀರು ತುಂಬಿದ ತೊಟ್ಟಿಯೊಳಗೆ ಇಟ್ಟರೆ, ತೂತು ಎಷ್ಟೇ ದೊಡ್ಡದಿದ್ದರೂ ಕುಂಡದ ಮಣ್ಣು ಒಣಗುವುದಿಲ್ಲ. ತಾವು ಹೇಳುತ್ತಿರುವ ಹೊಲಗಳಲ್ಲಿ ಆಗಿರುವುದು ಅದೇ.

ಆ ತೊಟ್ಟಿ ಹೇಗೆ ಉಂಟಾಯಿತೆಂಬುದನ್ನು ವಿವರಣೆಯ ಮೊದಲಿಗೇ ಬರೆಯಬೇಕು, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. ಕಡೆಯ ಹಿಮಯುಗದ ಅಂತ್ಯದಲ್ಲಿ, ಅಂದರೆ 12,000ಕ್ಕೂ ಹೆಚ್ಚು ವರ್ಷಗಳ ಹಿಂದೆ, ಡೆ ಮಾಯ್ನ್ ಲೋಬ್ ಎಂದು ಕರೆಯಲಾಗುವ ಹಿಮದ ನಾಲಿಗೆಯು ಮಿನ್ನೆಸೋಟ ಮತ್ತು ಅಯೋವಾಗಳಿಂದ ಹಿಂದೆ ಸರಿಯಿತು. ಅದು ಕರಗಿದ ನೀರು ಹೊತ್ತು ತಂದ ಮರಳು, ಗರಸು ಬಯಲುಗಳಲ್ಲೂ ಕಣಿವೆಗಳ ತಳದಲ್ಲೂ ಹರಡಿದವು. ಹರಿವಿನ ವೇಗ ತಗ್ಗಿದ ಮೇಲೆ ನುಣುಪಾದ ಗೋಡು ವಸ್ತು ಅದರ ಮೇಲೆ ತೆಳುವಾಗಿ ಕುಳಿತುಕೊಂಡಿತು. ಬಯಲು ಹೆಚ್ಚುಕಡಿಮೆ ಮಟ್ಟಸವಾಗಿರುವುದರಿಂದ ಮರಳಿನೊಳಗಿನ ಅಂತರ್ಜಲಕ್ಕೆ ಹೊರಹೋಗುವ ದಾರಿಯಿದ್ದರೂ ಇಳಿಜಾರಿಲ್ಲ. ಹಿಮ ಕರಗುವ ವಸಂತದಲ್ಲಿ ಆ ನೀರು ಮೇಲೇರಿ, ಗೋಡು ಪದರವನ್ನೂ ನೆನೆಸುತ್ತದೆ. ಮರಳು ಚೆನ್ನಾಗಿ ನೀರು ಹಾಯಿಸುವುದೇ ಇಲ್ಲಿ ಅನಾನುಕೂಲ ಎಂದರೂ ತಪ್ಪಲ್ಲ, ಎತ್ತರದ ಜಾಗದಿಂದ ತಗ್ಗಿಗೆ ನೀರು ಸುಲಭವಾಗಿ ಹರಿದು ಬರುತ್ತದೆ.

ವರ್ಗೀಕರಣದ ಹೆಸರು ಈ ಕತೆಯನ್ನೇ ಸಂಕ್ಷೇಪಿಸಿದೆ. ಬಿಸ್ಕೆ ಸರಣಿಯು ‘ಟಿಪಿಕ್ ಎಂಡೋಅಕ್ವಾಲ್’ ವರ್ಗಕ್ಕೆ ಸೇರಿದ್ದು. ಮೇಲಿನ ಒದ್ದೆ ಪದರದಿಂದ ಎರಡು ಮೀಟರ್ ಆಳದವರೆಗೂ ಎಡೆಬಿಡದೆ ನೀರು ತುಂಬಿರುವುದನ್ನು ಅದರಲ್ಲಿನ ‘ಎಂಡೋ’ ಸೂಚಿಸುತ್ತದೆ. ಮೇಲೆ ಒದ್ದೆಯಿದ್ದು ಕೆಳಗೆ ಒಣ ಪದರವಿದ್ದರೆ ಅದು ‘ಎಪಿ’ ಆಗುತ್ತಿತ್ತು. ತಾವು ಕಪ್ಪು ಎರೆಯಲ್ಲಿ ಕಂಡದ್ದು ಈ ಎರಡನೆಯ ಬಗೆಗೆ ಹತ್ತಿರವಾದದ್ದು: ನೀರು ಮೇಲಿನಿಂದ ಬಂದು, ಜೇಡಿಯಲ್ಲಿ ಇಳಿಯಲಾರದೆ ಮೇಲೆಯೇ ನಿಲ್ಲುತ್ತದೆ. ಎರಡೂ ಕಡೆ ಹೊಲ ಕೆಸರಾಗಿ ಕಂಡರೂ ಪರಿಹಾರ ಒಂದೇ ಅಲ್ಲ.

ಆಮೇಲೆ ಪದರಗಳಿಗೆ ಬನ್ನಿ. ಪ್ರತಿ ಪದರದ ಆಳ, ಒದ್ದೆಯಿದ್ದಾಗಿನ ಬಣ್ಣ, ಕಣರಚನೆ, ಮಣ್ಣಿನ ಕಟ್ಟು, ಬೇರು, ಚುಕ್ಕೆಗಳು, ಸುಣ್ಣದ ಪರೀಕ್ಷೆ, ಕೆಳಗಿನ ಅಂಚು ಇವುಗಳನ್ನು ಬರೆಯಬೇಕು. ಗೋಡಿನಿಂದ ಮರಳಿಗೆ ಬದಲಾಗುವ ಅಂಚಿನ ಬಗ್ಗೆ ಜಿಪುಣತನ ಬೇಡ. ಆ ಬದಲಾವಣೆಯ ವಲಯ 12.5 ಸೆಂ.ಮೀ.ಗಿಂತ ತೆಳುವಾಗಿದ್ದರೆ ಮಾತ್ರ ಎರಡನ್ನೂ ತೀವ್ರ ವ್ಯತ್ಯಾಸದ ಕಣವರ್ಗಗಳೆಂದು (ಕಣಗಾತ್ರದ ಗುಂಪುಗಳೆಂದು) ವರ್ಗೀಕರಣದ ಹೆಸರಿನಲ್ಲಿ ಸೇರಿಸಲಾಗುತ್ತದೆ. ಮೂಲವಸ್ತುವೇ ಬೇರೆಯಾದ್ದರಿಂದ ಮರಳಿನ ಪದರದ ಸಂಕೇತದ ಮುಂದೆ 2 ಎಂಬ ಅಂಕಿಯನ್ನು ಹಾಕಬೇಕು, ‘2ಸಿಜಿ’ ಎಂಬಂತೆ. ಅಲ್ಲಿನ ‘ಜಿ’ ಅಕ್ಷರ ಬೂದುಬಣ್ಣಕ್ಕೆ ತಿರುಗಿದ ಪದರದ ಗುರುತು.

ಆ ಬೂದುಬಣ್ಣವೇ ನಿಮಗೆ ಅತಿ ದೊಡ್ಡ ಸಾಕ್ಷಿ. ನೀರು ತುಂಬಿ ಗಾಳಿ ಇಲ್ಲದಂತಾದಾಗ ಸೂಕ್ಷ್ಮಜೀವಿಗಳು ಆಮ್ಲಜನಕದ ಬದಲು ಕಬ್ಬಿಣವನ್ನು ಬಳಸಿಕೊಳ್ಳುತ್ತವೆ. ಹಾಗೆ ಬದಲಾದ ಕಬ್ಬಿಣ ನೀರಿನಲ್ಲಿ ಕರಗಿ ಸರಿದುಹೋದ ಜಾಗದಲ್ಲಿ ಮಣ್ಣು ಬೂದುಬಣ್ಣದ್ದಾಗಿ ಉಳಿಯುತ್ತದೆ, ಬೇರಿನ ಜಾಡಿನಲ್ಲಿ ಗಾಳಿ ತಾಗಿದ ಕಡೆ ಅದೇ ಕಬ್ಬಿಣ ತುಕ್ಕಿನ ಬಣ್ಣದ ಚುಕ್ಕೆಯಾಗಿ ಕೂರುತ್ತದೆ. ಬಣ್ಣಗಳಿಗೆ ಸಂಕೇತ ಕೊಡುವ ಮುನ್ಸೆಲ್ ಪಟ್ಟಿಯಲ್ಲಿ ಕ್ರೋಮ (ಬಣ್ಣದ ಗಾಢತೆ) 2 ಅಥವಾ ಅದಕ್ಕಿಂತ ಕಡಿಮೆ ಇದ್ದು ಜೊತೆಗೆ ಇಂತಹ ಚುಕ್ಕೆಗಳೂ ಇದ್ದರೆ, ನೀವು ಒಣ ದಿನದಲ್ಲಿ ಗುಂಡಿ ತೆಗೆದಿದ್ದರೂ ಅಲ್ಲಿ ವರ್ಷದಲ್ಲಿ ಸಾಕಷ್ಟು ಕಾಲ ನೀರು ನಿಲ್ಲುತ್ತಿತ್ತೆಂದು ಹೇಳಬಹುದು.

ಮಾಟುಂಗಾ ಅಭಿಯಂತರ (ಮುಂಬೈ):

ಪರೀಕ್ಷಕರು ಹೇಳಿದ್ದಕ್ಕೆ ಒಂದು ಸಂಗತಿಯನ್ನು ಸೇರಿಸಬಯಸುತ್ತೇನೆ. ಅಂತರ್ಜಲ ಕೆಳಗಿಳಿದ ಮೇಲೂ ಗೋಡು ಪದರ ಬೇಗ ಒಣಗುವುದಿಲ್ಲ. ಗೋಡಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದಿರುತ್ತವೆ, ಗರಸಿನ ದೊಡ್ಡ ರಂಧ್ರಗಳಿಗೆ ಅದನ್ನು ಎಳೆದುಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಗೋಡಿನ ಕೆಳ ಅಂಚು ಪೂರ್ತಿ ನೆನೆಯುವವರೆಗೆ ನೀರು ಮರಳಿಗೆ ದಾಟುವುದಿಲ್ಲ. ಕೆಳಗೆ ಮರಳಿದ್ದರೆ ಮೇಲಿನದು ಬೇಗ ಬರಿದಾಗುತ್ತದೆ ಎಂಬ ಊಹೆ ಇಲ್ಲಿ ತಲೆಕೆಳಗಾಗುತ್ತದೆ.

ಬಸಿಗಾಲುವೆಯ ಯೋಜನೆಯಾದ್ದರಿಂದ ಇನ್ನೊಂದು ವಿಷಯ. ಅಮೆರಿಕದ ಜಲಲೆಕ್ಕದಲ್ಲಿ ಮಣ್ಣುಗಳನ್ನು ಎ ಯಿಂದ (ಮಳೆನೀರನ್ನು ಅತಿ ಹೆಚ್ಚು ಇಂಗಿಸುವುದು) ಡಿ ವರೆಗೆ (ಅತಿ ಕಡಿಮೆ ಇಂಗಿಸುವುದು) ನಾಲ್ಕು ಗುಂಪು ಮಾಡುತ್ತಾರೆ, ಮತ್ತು ಇಂತಹ ಮಣ್ಣುಗಳಿಗೆ ‘ಬಿ/ಡಿ’ ಎಂಬ ಜೋಡಿ ಗುರುತು ಬರುತ್ತದೆ. ನೆಲದಿಂದ 60 ಸೆಂ.ಮೀ. ಒಳಗೆ ನೀರು ನಿಲ್ಲುವ ಕಾರಣಕ್ಕಷ್ಟೇ ಅದು ಡಿ ಆಗಿದೆ. ಬಸಿಗಾಲುವೆಯಿಂದ ನೀರನ್ನು ಕೆಳಗಿಳಿಸಿದರೆ ಅದೇ ಮಣ್ಣು ಬಿ ಯಂತೆ ವರ್ತಿಸುತ್ತದೆ. ನೇರ ಸಾಲಿನ ಬೆಳೆಗೆ, ಒಳ್ಳೆಯ ಸ್ಥಿತಿಯ ಹೊಲಕ್ಕೆ, ಪಟ್ಟಿಯಲ್ಲಿ ಬಿ ಗುಂಪಿನ ಕರ್ವ್ ಸಂಖ್ಯೆ (ಮಳೆಯಲ್ಲಿ ಎಷ್ಟು ಹರಿದುಹೋಗುತ್ತದೆಂದು ಲೆಕ್ಕ ಹಾಕಲು ಬಳಸುವ ಅಂಕಿ) 78, ಡಿ ಗುಂಪಿನದು 89. ಒಂದೇ ದಿನ 100 ಮಿ.ಮೀ. ಮಳೆ ಬಿದ್ದರೆ ಮೊದಲನೆಯದರಲ್ಲಿ ಸುಮಾರು 47 ಮಿ.ಮೀ., ಎರಡನೆಯದರಲ್ಲಿ ಸುಮಾರು 70 ಮಿ.ಮೀ. ಹರಿದು ಹೋಗುತ್ತದೆ. ಜೋಡಿ ಗುರುತಿನಲ್ಲಿ ಯಾವ ಅಕ್ಷರವನ್ನು ಹಿಡಿದು ಲೆಕ್ಕ ಮಾಡಿದಿರಿ ಎಂದು ವರದಿಯಲ್ಲಿ ಬರೆಯದಿದ್ದರೆ ಓದುವವರಿಗೆ ಏನೂ ತಿಳಿಯುವುದಿಲ್ಲ.

ಮಣ್ಣುಪರೀಕ್ಷಕ (ಪುಣೆ, ನಿವೃತ್ತ):

ಅಭಿಯಂತರರು ಹೇಳಿದ ಗೋಡು ಮತ್ತು ಗರಸಿನ ನಡುವಿನ ತಡೆ ನಿಜವಾದದ್ದೇ, ಆದರೆ ಅದನ್ನು ಕಳಪೆ ಬಸಿಯುವಿಕೆಯ ಕಾರಣವೆಂದು ಬರೆಯಬೇಡಿರೆಂದು ವಿನಂತಿ. ಅದೇ ಬಯಲಿನಲ್ಲಿ, ಅದೇ ಗೋಡು ಅದೇ ಮರಳಿನ ಮೇಲೆ ಸ್ವಲ್ಪ ಎತ್ತರದಲ್ಲಿದ್ದರೆ ಆ ಮಣ್ಣು ಚೆನ್ನಾಗಿ ಬಸಿಯುವ ವರ್ಗಕ್ಕೆ ಸೇರುತ್ತದೆ, ತಡೆ ಮಾತ್ರ ಎರಡು ಕಡೆಯೂ ಒಂದೇ. ಆ ತಡೆ ಬೇಸಿಗೆಯಲ್ಲಿ ಬೆಳೆಗೆ ತೇವ ಉಳಿಸುತ್ತದೆ, ಬೂದುಬಣ್ಣ ತರುವಷ್ಟು ಕಾಲ ನೀರನ್ನು ನಿಲ್ಲಿಸುವುದಿಲ್ಲ.

ಫೋಂಡಾ ಕನ್ನಡಿಗ (ಗೋವಾ):

ಚರ್ಚೆ ಉಪಯುಕ್ತವಾಗಿದೆ. ನೀರಿನ ಮಟ್ಟವೇ ಮಣ್ಣಿನ ಹಣೆಬರಹ ಬರೆಯುವ ಜಾಗವನ್ನು ನೋಡಬೇಕೆಂದಿದ್ದರೆ ಬಾಣೇರ್‌ವಾಸಿಗಳು ಮಿನ್ನೆಸೋಟದವರೆಗೆ ಹೋಗಬೇಕಿಲ್ಲ, ಮಾಂಡವಿ ಮತ್ತು ಜುವಾರಿ ನದಿಗಳ ಬದಿಯ ಖಾಜನ್ ಗದ್ದೆಗಳಿಗೆ ಬಂದರೆ ಸಾಕು. ಬಾಂಧ್ ಎಂಬ ಒಡ್ಡುಗಳಿಂದಲೂ ಮಾನಸ ಎಂಬ ತೂಬುಬಾಗಿಲುಗಳಿಂದಲೂ ಉಬ್ಬರದ ನೀರನ್ನು ತಡೆದು ಭತ್ತ ಬೆಳೆಯುವ ಆ ಗದ್ದೆಗಳಲ್ಲಿ, ನೀರು ಎಷ್ಟು ಇಳಿಯಬಹುದೆಂಬುದನ್ನು ಹೊರಗಿನ ನದಿಯ ಮಟ್ಟವೇ ನಿರ್ಧರಿಸುತ್ತದೆ. ಸ್ವಲ್ಪ ಅಗೆದರೆ ಬೂದುಬಣ್ಣದ ಮಣ್ಣೂ ತುಕ್ಕಿನ ಜಾಡೂ ಕಾಣುತ್ತವೆ. ಉಪ್ಪು ಮತ್ತು ಜೇಡಿ ಇರುವುದರಿಂದ ಮಣ್ಣಿನ ಜಾತಿ ಬೇರೆ, ಹೋಲಿಕೆಯನ್ನು ಅದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ.

ಬಾಣೇರ್‌ವಾಸಿ (ಪುಣೆ):

ಎಲ್ಲರಿಗೂ ಧನ್ಯವಾದಗಳು. ಮಾದರಿಗಾಗಿ ಒಂದು ಕರಡನ್ನು ಬರೆದಿದ್ದೇನೆ, ಅಂಕಿಗಳು ಉದಾಹರಣೆಗಷ್ಟೇ: “0 ಯಿಂದ 20 ಸೆಂ.ಮೀ.: ಕಪ್ಪು (ಮುನ್ಸೆಲ್ ಸಂಕೇತ 10ವೈಆರ್ 2/1) ಗೋಡು, ಉಳುಮೆಯ ಪದರ, ಹರಳು ಹರಳಾದ ಕಟ್ಟು. 20 ರಿಂದ 45: ಅದೇ ಬಣ್ಣದ ಜೇಡಿಗೋಡು. 45 ರಿಂದ 80: ಆಲಿವ್ ಛಾಯೆಯ ಬೂದು (5ವೈ 5/2) ಗೋಡು, ತುಕ್ಕುಬಣ್ಣದ (10ವೈಆರ್ 5/6) ಚುಕ್ಕೆಗಳು, ಕೆಳ ಅಂಚು ತಟ್ಟನೆ ಬದಲಾಗುವಂಥದ್ದು. 80 ರಿಂದ ಕೆಳಗೆ: ಬೂದು ಗರಸುಮಿಶ್ರಿತ ಮರಳು, ಕಟ್ಟಿಲ್ಲದ ಬಿಡಿಕಣ.”

ಎರಡು ಸಂದೇಹ ಉಳಿದಿವೆ. ಮೇಲಿನ ಕಪ್ಪು ನಮ್ಮ ಎರೆಯ ಕಪ್ಪೇ ಎಂದು ಬರೆಯಬಹುದೇ? ಮತ್ತು, ಆ ಹೊಲದಲ್ಲಿ ಹಳೆಯ ಬಸಿಕೊಳವೆಗಳು ಈಗಾಗಲೇ ಇವೆಯೆಂದು ಗೊತ್ತಾಗಿದೆ. ಹಾಗಿದ್ದರೆ ಬಸಿಯುವಿಕೆಯ ವರ್ಗವನ್ನು ಬದಲಿಸಬೇಕೇ?

ಮಣ್ಣುಪರೀಕ್ಷಕ (ಪುಣೆ, ನಿವೃತ್ತ):

ಕರಡು ಚೆನ್ನಾಗಿದೆ. ಸುಣ್ಣದ ಪರೀಕ್ಷೆ ಬಿಟ್ಟುಹೋಗಿದೆ, ಅದನ್ನು ಸೇರಿಸಿ. ಡೆ ಮಾಯ್ನ್ ಲೋಬ್ ತಂದ ವಸ್ತುವಿನಲ್ಲಿ ಸುಣ್ಣವಿರುವುದರಿಂದ, ಸಾರಗುಂದಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಹಾಕಿದಾಗ ಯಾವ ಆಳದಲ್ಲಿ ನೊರೆ ಬರುತ್ತದೆಂಬುದು ಮುಖ್ಯವಾದ ಮಾಹಿತಿ. ಗರಸು ಗಾತ್ರದಲ್ಲಿ ಶೇಕಡಾ ಎಷ್ಟು ಎಂದೂ ಬರೆಯಿರಿ, ಶೇ. 35 ದಾಟಿದರೆ ಕಣವರ್ಗದ ಹೆಸರೇ ಬೇರೆಯಾಗುತ್ತದೆ.

ಕಪ್ಪು ಎರಡೂ ಒಂದೇ ಅಲ್ಲ. ನಮ್ಮ ಎರೆ ಸುಮಾರು 6.6 ಕೋಟಿ ವರ್ಷಗಳಷ್ಟು ಹಳೆಯ ದಖನ್ ಬಸಾಲ್ಟ್ ಶಿಲೆಯಿಂದ ಹುಟ್ಟಿದ್ದು. ಉಬ್ಬಿ ಕುಗ್ಗುವ ಸ್ಮೆಕ್ಟೈಟ್ ಜೇಡಿ ಅದರಲ್ಲಿ ಹೆಚ್ಚು, ಬಣ್ಣ ಕಡುಕಪ್ಪಾದರೂ ಸಾವಯವ ಇಂಗಾಲ ಬಹಳ ಕಡೆ ಶೇ. 1ಕ್ಕಿಂತ ಕಡಿಮೆ. ಪ್ರೇರಿಯ ಕಪ್ಪು ಬೇರುಗಳದು: ಕಾರ್ಡ್‌ಗ್ರಾಸ್ ಮತ್ತು ಜೇಕಿನ ಜಾತಿಯ ಹುಲ್ಲುಗಳ ದಟ್ಟ ಬೇರು ಸಾವಿರಾರು ವರ್ಷ ನೆಲದೊಳಗೇ ಸತ್ತು, ಚಳಿ ಮತ್ತು ನೀರಿನ ಕಾರಣ ಪೂರ್ತಿ ಕೊಳೆಯದೆ ಉಳಿದದ್ದು. ನಾಗಪುರದ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯೂ ಅಮೆರಿಕದ ವರ್ಗೀಕರಣವನ್ನೇ ಅನುಸರಿಸುವುದರಿಂದ ಎರಡೂ ಮಣ್ಣುಗಳ ಹೆಸರನ್ನು ಪಕ್ಕಪಕ್ಕದಲ್ಲಿ ಇಡಬಹುದು: ನಮ್ಮದು ಉಬ್ಬಿ ಕುಗ್ಗುವ ಜೇಡಿಯ ವರ್ಟಿಸಾಲ್, ಅವರದು ಸಾವಯವ ಅಂಶದಿಂದ ಕಪ್ಪಾದ ಮಾಲಿಸಾಲ್. ಬಣ್ಣದ ಸಾಲಿನ ಪಕ್ಕದಲ್ಲಿ ಇಂಗಾಲದ ಅಂಕಿಯನ್ನು ಕೊಟ್ಟರೆ ಗೊಂದಲವೇ ಬರುವುದಿಲ್ಲ.

ಬಸಿಕೊಳವೆ ಇದ್ದರೂ ವರ್ಗವನ್ನು ಬದಲಿಸಬೇಡಿ. ಅದು ಮಣ್ಣು ರೂಪುಗೊಂಡ ಸಹಜ ಸ್ಥಿತಿಯನ್ನು ಹೇಳುವಂಥದ್ದು, ಮನುಷ್ಯ ನೀರು ಇಳಿಸಿದನೆಂದು ‘ಕಳಪೆ’ಯು ‘ಉತ್ತಮ’ವಾಗುವುದಿಲ್ಲ. ಬೂದುಬಣ್ಣವೂ ಚುಕ್ಕೆಗಳೂ ಕೊಳವೆ ಹೂಳಿದ ಮೇಲೆ ಬಹುಕಾಲ ಹಾಗೆಯೇ ಇರುತ್ತವೆ. ಈಗಲೂ ಅಲ್ಲಿ ಗಾಳಿಯಿಲ್ಲದ ಸ್ಥಿತಿ ಇದೆಯೇ ಎಂದು ತಿಳಿಯಬೇಕಾದರೆ ಹೊಸದಾಗಿ ಒಡೆದ ಒದ್ದೆ ಹೆಂಟೆಗೆ ಡೈಪಿರಿಡಿಲ್ ದ್ರಾವಣವನ್ನು ಹಾಕುತ್ತಾರೆ, ಕರಗಿದ ಕಬ್ಬಿಣವಿದ್ದರೆ ಗುಲಾಬಿ ಬಣ್ಣ ಬರುತ್ತದೆ. ಕೊಳವೆಗಳಿರುವ ಸಂಗತಿಯನ್ನು ಪ್ರತ್ಯೇಕ ಸಾಲಿನಲ್ಲಿ ನಮೂದಿಸಿ, ಅಭಿಯಂತರರ ಬಿ ಮತ್ತು ಡಿ ಲೆಕ್ಕಕ್ಕೆ ಬೇಕಾದದ್ದು ಆ ಸಾಲು.

ಸ್ಥಳದಲ್ಲಿ ಗುಂಡಿ ತೆಗೆಯುವವರಿಗೆ ಬೇಸಿಗೆಯ ಕೊನೆಯಲ್ಲಿ, ನೀರು ಕೆಳಗಿಳಿದಾಗ ತೆಗೆಯಲು ತಿಳಿಸಿ. ನೀರು ತುಂಬಿದ ಮರಳಿನಲ್ಲಿ ಗುಂಡಿಯ ಗೋಡೆ ಕುಸಿಯುತ್ತದೆ, ಮಣ್ಣುಕೊರೆಯ ಬಾಯಿಂದ ಮಾದರಿ ಜಾರಿಹೋಗುತ್ತದೆ.

ಮಾಟುಂಗಾ ಅಭಿಯಂತರ (ಮುಂಬೈ):

ಪರೀಕ್ಷಕರ ತಿದ್ದುಪಡಿಯನ್ನು ಒಪ್ಪುತ್ತೇನೆ. ಅದೇ ಮರಳು ಕೊಳವೆ ಹೂಳುವವರಿಗೂ ತೊಂದರೆ ಕೊಡುತ್ತದೆ. ನುಣ್ಣನೆಯ ಮರಳು ಕೊಳವೆಯ ಸಣ್ಣ ತೂತುಗಳಿಂದ ಒಳಸೇರಿ ಕಟ್ಟಿಕೊಳ್ಳುವುದರಿಂದ ಅಲ್ಲಿ ಕೊಳವೆಗೆ ಬಟ್ಟೆಯ ಹೊದಿಕೆ ಹಾಕುತ್ತಾರೆ. ಆದ್ದರಿಂದ ತಮ್ಮ ಪುಟದಲ್ಲಿ ‘ಮರಳು’ ಎಂದಷ್ಟೇ ಬರೆಯದೆ ಅದು ನುಣುಪೋ ದಪ್ಪವೋ ಎಂದು ಹೇಳಿ. ಇನ್ನು, ಆ ಮರಳಿನ ನೀರನ್ನೇ ಎಷ್ಟೋ ಕಡೆ ಬಾವಿಯಿಂದ ಕುಡಿಯಲು ಎತ್ತುತ್ತಾರೆ. ಅಮೆರಿಕದಲ್ಲಿ ಕುಡಿಯುವ ನೀರಿನ ನೈಟ್ರೇಟ್ ಮಿತಿ, ಸಾರಜನಕದ ಲೆಕ್ಕದಲ್ಲಿ, ಲೀಟರಿಗೆ 10 ಮಿ.ಗ್ರಾಂ. ಮೆಕ್ಕೆಜೋಳಕ್ಕೆ ಹಾಕಿದ ಗೊಬ್ಬರ ಗೋಡು ಪದರವನ್ನು ದಾಟಿದರೆ ಮರಳಿನಲ್ಲಿ ಅದನ್ನು ತಡೆಯುವಂಥದ್ದು ಹೆಚ್ಚೇನೂ ಇಲ್ಲ. ಮರಳು ಎಷ್ಟು ಆಳದಲ್ಲಿ ಆರಂಭವಾಗುತ್ತದೆಂಬುದನ್ನು ಒಂದೇ ಗುಂಡಿಯಿಂದ ಹೇಳದೆ, ಹೊಲದ ಹಲವು ಕಡೆ ಕೊರೆದು ಅತಿ ಕಡಿಮೆ ಮತ್ತು ಅತಿ ಹೆಚ್ಚಿನ ಆಳಗಳೆರಡನ್ನೂ ಬರೆಯಿರಿ.